ನಲವತ್ತೇಳನೆಯ ಚೀಟಿ

ಅಬ್ಬಿಗೇರಿಯ ಗಾದಿ ಮೌಲಾಸಾಬನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಒಂದು ಹುದ್ದೆ ಬಂತು. ಅದಕ್ಕೆ ಮುಂಚೆ ಅವನಿಗೆ ಇದ್ದದ್ದು ಬರೀ ಕೆಲಸ. ಹಳೆಯ ಗಾದಿ ಬಿಚ್ಚುವುದು, ಅರಳೆ ಹಿಂಜುವುದು, ಹೊಸ ಬಟ್ಟೆಯಲ್ಲಿ ತುಂಬುವುದು. ಹಿಂಜುವವನು ಅವನು, ದಬ್ಬಣ ಹಿಡಿದು ಹೊಲಿಯುವವಳು ಹೆಂಡತಿ ಖಾಜಾಬಿ. ಕೆಲಸಕ್ಕೂ ಹುದ್ದೆಗೂ ವ್ಯತ್ಯಾಸವಿದೆ. ಕೆಲಸ ಇದ್ದವನ ಮೀಸೆಯಲ್ಲಿ ಅರಳೆ ಸಿಕ್ಕಿಕೊಂಡಿರುತ್ತದೆ, ಹುದ್ದೆ ಇದ್ದವನ ಕೊರಳಲ್ಲಿ ಅವನದೇ ಫೋಟೋ ನೇತಾಡುತ್ತಿರುತ್ತದೆ. ಮೌಲಾಸಾಬನಿಗೆ ಈಗ ಎರಡೂ ಒದಗಿದ್ದವು.

ಆದದ್ದು ಇಷ್ಟು. ಎರಡು ಸಾವಿರದ ಒಂಬತ್ತರಲ್ಲಿ ಧಾರವಾಡದ ಒಂದು ಸಂಸ್ಥೆಯವರು ರೋಣ, ನರಗುಂದದ ಕಡೆಯ ಊರುಗಳಲ್ಲಿ ಆರೋಗ್ಯ ಶಿಬಿರ ಮಾಡಿ, ಬಂದವರಿಗೆ ನಂಬರಿನ ಚೀಟಿ ಬರೆದುಕೊಟ್ಟು ಗುಳಿಗೆ ಹಂಚಿದರು. ಹಂಚಿದ ಮೇಲೆ ಆ ಗುಳಿಗೆಗಳಿಂದ ಯಾರಿಗಾದರೂ ತೊಂದರೆ ಆಯಿತೇ ಎಂದು ತಿಳಿದುಕೊಳ್ಳುವ ಆಸೆ ಅವರಿಗೆ ಹುಟ್ಟಿತು. ಊರಿಗೊಬ್ಬರಂತೆ ಓದು ಬಲ್ಲವರನ್ನು ಆರಿಸಿ, ಅವರಿಗೆ 'ಔಷಧ ನಿಗಾ ಮಿತ್ರ' ಎಂದು ಹೆಸರಿಟ್ಟು, ಕೊರಳಿಗೊಂದು ಫೋಟೋ ಬಿಲ್ಲೆ, ಕೈಗೊಂದು ಮೊಬೈಲು ಕೊಟ್ಟು, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನ ಮಾಳಿಗೆಯ ಮೇಲೆ ಒಂದು ದಿನ ತರಬೇತಿ ಕೊಟ್ಟರು.

ಪಾಠ ಹೇಳಿದವರು ಡಾಕ್ಟರ್ ಜಬೀನ. ವಯಸ್ಸು ಚಿಕ್ಕದು, ಮಾತು ನೇರ. "ಗುಳಿಗಿ ತಿಂದ ಮ್ಯಾಲ ತ್ರಾಸ ಆದ್ರ ಮಂದಿ ಬಾಯಿ ಬಿಡಂಗಿಲ್ರಿ. ಡಾಕ್ಟರು ಸಿಟ್ಟ ಆಗ್ತಾರ ಅಂತ ಸುಮ್ಮ ಇದ್ದಬಿಡ್ತಾರ. ನೀವು ಕೇಳ್ರಿ, ಇದರಾಗ ಒತ್ತಿ ಕಳಸ್ರಿ. ಮೊದಲ ಚೀಟಿ ನಂಬರು, ಆಮ್ಯಾಲ ತ್ರಾಸಿನ ನಂಬರು, ಕಡೀಕ ಗುಣ ಆತೋ ಇಲ್ಲೋ ಅನ್ನೋದು. ಅಷ್ಟ."

ತ್ರಾಸುಗಳಿಗೆ ನಂಬರು ಹಾಕಿದ ಒಂದು ಕಾರ್ಡು ಕೊಟ್ಟರು. ಎರಡು ಅಂದರೆ ವಾಂತಿ, ಮೂರು ಅಂದರೆ ತಲೆಸುತ್ತು, ಹೀಗೆ ಹನ್ನೆರಡರವರೆಗೆ. ಏಳನೆಯದನ್ನು ಮಾತ್ರ ಕೆಂಪು ಶಾಯಿಯಲ್ಲಿ ಅಚ್ಚು ಹಾಕಿಸಿದ್ದರು: ತುಟಿ, ಮುಖ ಬಾತುಕೊಳ್ಳುವುದು.

"ಈ ಏಳನೇ ನಂಬರಿನ ಮ್ಯಾಲ ಕಣ್ಣಿರಲಿ," ಎಂದರು ಡಾಕ್ಟರು. "ಒಮ್ಮೆ ಬಾತವರು ಅದ ಗುಳಿಗಿ ಮತ್ತ ತಿಂದ್ರ ಗಂಟಲ ಕಟ್ಟತೈತಿ, ಉಸರ ನಿಂದರತೈತಿ. ಮನಷ್ಯಾ ಹೋಗೇಬಿಡಬಹುದು."

ಮೌಲಾಸಾಬ ಎದ್ದುನಿಂತು, ಯಾರೂ ಕೇಳದಿದ್ದರೂ, "ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ ಮೇಡಂ. ನಮ್ಮದು ಮಾದರಿ ಮನಿ," ಎಂದು ಹೇಳಿ ಕುಳಿತ. ಊರಿಗೆ ಬಂದು ಆ ಮಾತನ್ನು ಓಣಿಯಲ್ಲೂ ಹೇಳಿದ, ಮನೆಯಲ್ಲೂ ಹೇಳಿದ.

ಮೊದಲ ತಿಂಗಳು ಅವನು ಕಳಿಸಿದ ವರದಿಗಳ ಸಂಖ್ಯೆ ಸೊನ್ನೆ. ಯಾರನ್ನು ಕೇಳಿದರೂ "ಆರಾಮದೀವಿ" ಎನ್ನುವವರೇ. ನಮ್ಮ ಕಡೆ ಮನುಷ್ಯ ಹಾಸಿಗೆ ಹಿಡಿದಿದ್ದರೂ ಮೊದಲ ಉತ್ತರ ಆರಾಮ ಎಂದೇ ಇರುತ್ತದೆ, ಉಳಿದದ್ದನ್ನು ಚಹಾ ಕುಡಿದ ಮೇಲೆ ಹೇಳುತ್ತಾರೆ. ಧಾರವಾಡದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅಮರೇಶನಿಗೆ ಈ ವಿಚಾರ ಗೊತ್ತಿರಲಿಲ್ಲ. ಅವನು ಫೋನು ಮಾಡಿದ.

"ಮೌಲಾಸಾಬ್ರ, ನರಗುಂದದವರು ಮೂವತ್ತೊಂದು ಕಳಿಸ್ಯಾರ. ನೀವು ಒಂದೂ ಇಲ್ಲ. ಅಬ್ಬಿಗೇರ್ಯಾಗ ಮಂದಿ ಅದಾರೊ ಇಲ್ಲೊ?"

ನರಗುಂದದವರ ಹೆಸರು ಕೇಳಿದ್ದೇ ತಡ, ಮೌಲಾಸಾಬನ ಕಿವಿ ಬಿಸಿಯಾಯಿತು. ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ, ಮುಖ ತೊಳೆದುಕೊಂಡು, ಬಿಲ್ಲೆ ಹಾಕಿಕೊಂಡು ಹೊರಬಿದ್ದ.

ಈಗ ಬಾಷಾಸಾಬರ ವಿಷಯ ಹೇಳಬೇಕು. ಅವರು ಅದೇ ಓಣಿಯ ಮೆಣಸಿನಕಾಯಿ ವ್ಯಾಪಾರಿ, ಅರವತ್ತನಾಲ್ಕು ವರ್ಷದ ಗಟ್ಟಿ ಆಳು, ಎದೆತನಕ ಬಿಳಿಯ ಗಡ್ಡ. ಶಿಬಿರದ ದಿನ ಪಾಳಿ ಹಚ್ಚಿದ್ದನ್ನು ನೋಡಿ ಅವರೂ ಹೋಗಿ ನಿಂತರು. ಪಾಳಿ ಮುಂದೆ ಬಂದಾಗ ಏನಾದರೂ ಹೇಳಲೇಬೇಕಲ್ಲ, ಮೊಣಕಾಲು ನೋವು ಅಂದರು. ನಲವತ್ತೇಳನೆಯ ನಂಬರಿನ ಚೀಟಿ, ಹಳದಿ ಗುಳಿಗೆಯ ಮೂರು ಪಟ್ಟಿ ಸಿಕ್ಕವು. ಜತೆಗೆ ಖಾರ ಕಡಿಮೆ ಮಾಡಿ ಎಂಬ ಸಲಹೆಯೂ ಸಿಕ್ಕಿತು. ಮೆಣಸಿನಕಾಯಿ ವ್ಯಾಪಾರಿಗೆ ಇಂಥ ಮಾತು ಹೇಳಿದ ವೈದ್ಯಶಾಸ್ತ್ರದ ಮೇಲೆ ಅವರಿಗೆ ಅಂದೇ ನಂಬಿಕೆ ಹೋಯಿತು. ಒಂದು ಗುಳಿಗೆಯನ್ನೂ ಬಾಯಿಗೆ ಹಾಕಲಿಲ್ಲ.

ಆದರೆ ಹಾಗೆಂದು ಹೇಳಲು ಮರ್ಯಾದೆ ಅಡ್ಡ ಬಂತು. "ಏನ ಗುಳಿಗಿ ಅಂತೀರಿ, ಒಂದ ತಿಂದೆ, ರೋಣಕ್ಕ ನಡಕೋತ ಹೋಗಿ ಬರ್ಲೇನು ಅನ್ನಿಸ್ತು," ಎಂದು ಕಟ್ಟೆಯ ಮೇಲೆ ಕುಳಿತು ಸಾರಿದರು. ಸಾರಿದ ಮೇಲೆ ಆಗುವುದು ಆಗಿಯೇ ಆಯಿತು. ನಮ್ಮ ಓಣಿಗಳಲ್ಲಿ ಗುಣ ಬಂದ ಗುಳಿಗೆಯನ್ನು ಮನೆಯಲ್ಲಿ ಇಟ್ಟುಕೊಂಡು ಕೂರುವುದು ಜಿಪುಣತನ. ಕರಿಬೇವು ಕೇಳಿದಷ್ಟೇ ಸಲೀಸಾಗಿ ಬಂದು ಕೇಳುತ್ತಾರೆ, ಮಜ್ಜಿಗೆ ಕೊಟ್ಟಷ್ಟೇ ಸಲೀಸಾಗಿ ಕೊಡುತ್ತಾರೆ. ಎಂಟೇ ದಿನದಲ್ಲಿ ಬಾಷಾಸಾಬರ ಮೂರು ಪಟ್ಟಿ ಓಣಿಯ ಅರ್ಧಕ್ಕರ್ಧ ಹೊಟ್ಟೆಗಳಿಗೆ ಹಂಚಿಹೋದವು. ಖಾಜಾಬಿಗೂ ನಾಲ್ಕು ಬಂದವು. ದಿನಪೂರ್ತಿ ನೆಲದ ಮೇಲೆ ಕುಳಿತು ಗಾದಿ ಹೊಲಿಯುವವಳಿಗೆ ಮೊಣಕಾಲು ಖರೇ ಖರೇ ನೋಯುತ್ತಿದ್ದವು.

ಮೌಲಾಸಾಬ ಮೊದಲು ಹೋದದ್ದು ಎದುರು ಮನೆಯ ಗುಡ್ಡವ್ವನ ಹತ್ತಿರ. ಗುಡ್ಡವ್ವ ಕೂಲಿಗೆ ಹೋಗುವ ಹೆಂಗಸು, ಅವನಿಗಿಂತ ಹಿರಿಯಳು, ಖಾಜಾಬಿಯ ಜೀವದ ಗೆಳತಿ.

"ಯಕ್ಕಾ, ಬಾಷಾಸಾಬರ ಗುಳಿಗಿ ತಿಂದೆಲ್ಲ, ಏನರ ಆತೇನು?"

"ಆರಾಮದೀನಿ."

"ಅದಲ್ಲ. ಏನರ ತ್ರಾಸ ಆಗಿದ್ರ ಹೇಳು. ಇದು ತಕರಾರ ಅಲ್ಲ, ಬರೇ ಸುದ್ದಿ."

ಸುದ್ದಿ ಎಂದದ್ದಕ್ಕೆ ಗುಡ್ಡವ್ವನ ಮುಖ ಅರಳಿತು. "ಸುದ್ದಿ ಆದ್ರ ಹೇಳ್ತೀನಿ ತಗೊ. ತಿಂದ ದಿನ ತಲಿ ಗರಗರ ತಿರಗಿ ಮೆಣಸಿನಗಿಡದ ಮ್ಯಾಲ ಕುಂತೆ."

ಮೌಲಾಸಾಬ ಮೊಬೈಲು ತೆಗೆದ. ಅದು ಮೊದಲು ಚೀಟಿ ನಂಬರು ಕೇಳಿತು. ಗುಡ್ಡವ್ವನ ಹತ್ತಿರ ಚೀಟಿ ಇರಲಿಲ್ಲ. ಅವನು ಹಾಗೇ ಮುಂದೆ ಹೋಗಲು ನೋಡಿದ, ಮೊಬೈಲು ಕುಂಯ್ ಎಂದು ನಿಂತುಬಿಟ್ಟಿತು. ಅವನು ಯೋಚಿಸಿದ. ಗುಳಿಗೆ ಬಂದದ್ದು ಯಾವ ಚೀಟಿಯ ಮೇಲೆ? ನಲವತ್ತೇಳು. ಅಂದ ಮೇಲೆ ಗುಳಿಗೆ ಮಾಡಿದ ತ್ರಾಸೂ ಆ ಚೀಟಿಗೇ ಸೇರಬೇಕು. ನಲವತ್ತೇಳು ಒತ್ತಿದ, ಮೂರು ಒತ್ತಿದ. ಮೊಬೈಲು ಖುಷಿಯಿಂದ ಥ್ಯಾಂಕ್ಯೂ ಎಂದಿತು. ಮೊಬೈಲೇ ಒಪ್ಪಿಕೊಂಡ ಮೇಲೆ ತಪ್ಪು ಹುಡುಕಲು ಅವನು ಯಾರು?

ದಾರಿ ಸಿಕ್ಕಿತು. ಟೇಲರ್ ರಮಾಬಾಯಿ ವಾಂತಿ ಮಾಡಿಕೊಂಡಿದ್ದಳು: ನಲವತ್ತೇಳು, ಎರಡು. ಬಾಣಂತಿ ಮೈಮುನಬಿಗೆ ಎದೆಹಾಲು ಕಡಿಮೆ ಆಗಿತ್ತು: ನಲವತ್ತೇಳು, ಹನ್ನೊಂದು. ಓಣಿಯ ಕೊನೆಯ ಮನೆಯ ಸೊಸೆಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು, ಅದಕ್ಕೂ ಗುಳಿಗೆಯೇ ಕಾರಣ ಎಂದು ಅತ್ತೆಗೆ ಗುಮಾನಿ: ನಲವತ್ತೇಳು, ಹತ್ತು. ಒಂದೇ ದಿನ ಒಬ್ಬರಿಗೆ ಹೊಟ್ಟೆ ಕಟ್ಟಿತ್ತು, ಇನ್ನೊಬ್ಬರಿಗೆ ಹರಿದಿತ್ತು. ಮೌಲಾಸಾಬ ಯಾರಿಗೂ ಭೇದ ಮಾಡದೆ ಎಲ್ಲವನ್ನೂ ಬಾಷಾಸಾಬರ ತಲೆಗೆ ಕಟ್ಟಿದ.

ಒಂದು ಸಂಜೆ ಗುಡ್ಡವ್ವ ತಾನಾಗಿಯೇ ಬಂದು ಪಿಸುಗುಟ್ಟಿದಳು. "ಒಬ್ಬಾಕಿಗೆ ಆ ಗುಳಿಗಿ ತಿಂದ ಮ್ಯಾಲ ತುಟಿ ಬದನಿಕಾಯಿ ಆಗಿದ್ವು. ಹೆಸರ ಕೇಳಬ್ಯಾಡ, ಆಣಿ ಮಾಡೀನಿ."

"ಹೆಸರ ಯಾಂವಗ ಬೇಕ ಯಕ್ಕಾ? ನಂಬರ ಸಾಕು," ಎಂದು ಮೌಲಾಸಾಬ ನಲವತ್ತೇಳು, ಏಳು ಒತ್ತಿದ. ಆರು ದಿನ ಬಿಟ್ಟು ಗುಡ್ಡವ್ವ ಮತ್ತೆ ಬಂದಳು. "ಆಕಿಗೆ ಮತ್ತ ಬಾತಾವ. ಈ ಸರ್ತಿ ಕಣ್ಣ ಸುತ್ತಲೂ." ಅವನು ಮತ್ತೆ ಒತ್ತಿದ. ಅವಳು ಯಾರು, ಅವಳಿಗೆ ಆ ಗುಳಿಗೆ ಮುಟ್ಟಬೇಡ ಎಂದು ಹೇಳಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಕೆಂಪು ಶಾಯಿಯ ನಂಬರು ಎರಡು ಸಲ ಹೋಯಿತು, ಇನ್ನು ನರಗುಂದದವನು ಬಾಯಿ ಮುಚ್ಚಿಕೊಂಡಿರಬೇಕು ಎಂದಷ್ಟೇ ಹೊಳೆಯಿತು.

ಆ ದಿನಗಳಲ್ಲೇ ಮನೆಯಲ್ಲಿ ಒಂದು ಬದಲಾವಣೆ ಅವನ ಕಣ್ಣಿಗೆ ಬಿದ್ದಿತ್ತು. ಖಾಜಾಬಿ ಆಗಾಗ ಎರಡೆರಡು ದಿನ ಸೆರಗನ್ನು ಮೂಗಿನ ಮೇಲಿನತನಕ ಹೊದ್ದುಕೊಂಡು ಓಡಾಡುತ್ತಿದ್ದಳು, ಮಾತೂ ಕಡಿಮೆ. ಮೂವತ್ತೈದು ವರ್ಷ ಎದುರುತ್ತರ ಕೊಟ್ಟುಕೊಂಡೇ ಸಂಸಾರ ಮಾಡಿದವಳು, ಗಂಡನಿಗೆ ಹುದ್ದೆ ಬಂದ ಮೇಲೆ ಅದಬು ಕಲಿತಳು, ತಗ್ಗಿ ನಡೆಯುತ್ತಿದ್ದಾಳೆ ಎಂದು ಅವನು ಒಳಗೊಳಗೇ ಹಿಗ್ಗಿದ.

ಹತ್ತನೆಯ ವರದಿ ಹೋದ ಮರುದಿನ ಬೆಳಿಗ್ಗೆ ಅಮರೇಶನ ಫೋನು ಬಂತು.

"ಮೌಲಾಸಾಬ್ರ, ನಲವತ್ತೇಳನೇ ನಂಬರಿನ ಪೇಷಂಟು ಇನ್ನೂ ಅದಾರೇನ್ರಿ?"

"ಅದಾರ್ರಿ. ಈಗರ ಮಿರ್ಚಿ ಚುರಮರಿ ತಿನ್ನಾಕತ್ತಿದ್ರು."

"ಗಂಡಸರೋ, ಹೆಣ್ಣಮಕ್ಕಳೋ?"

"ಗಂಡಸರ್ರಿ. ಗಡ್ಡ ಐತಿ."

"ಮುಟ್ಟು ನಿಂತೈತಿ ಅಂತ ಕಳಿಸೀರಿ."

"ಹೌದ್ರಿ. ಎರಡ ತಿಂಗಳಾತಂತ."

"ಎದಿಹಾಲು ಕಡಿಮಿ ಅಂತ ಕಳಿಸೀರಿ."

"ಅದೂ ಖರೇರಿ. ಕೂಸು ಭಾಳ ಅಳತೈತಂತ."

ಅಮರೇಶ ಕಂಪ್ಯೂಟರಿನ ಪರದೆಯನ್ನು ಇನ್ನೊಮ್ಮೆ ಓದಿಕೊಂಡ. "ಅದೇನರ ಇರಲಿ. ಏಳನೇ ನಂಬರು ಎರಡ ಸಲ ಬಂದೈತಿ. ಕಂಪ್ಯೂಟರು ಕೆಂಪಗ ಆಗಿ ಕುಂತೈತಿ. ಇನ್ನೊಂದ ಗುಳಿಗಿ ತಿಂದ್ರ ಜೀವ ಉಳಿಯಂಗಿಲ್ಲ. ಅವರನ್ನ ಮಲಗಸ್ರಿ. ಡಾಕ್ಟರು ರೋಣದಿಂದ ಅಂಬುಲೆನ್ಸ್ ತಗೊಂಡು ಬರಾಕತ್ತಾರ."

ಮೌಲಾಸಾಬನ ಲೆಕ್ಕದಲ್ಲಿ ನಲವತ್ತೇಳು ಎಂದರೆ ಗುಳಿಗೆ. ಅಮರೇಶನ ಲೆಕ್ಕದಲ್ಲಿ ನಲವತ್ತೇಳು ಎಂದರೆ ಮನುಷ್ಯ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಫೋನಿಟ್ಟ ಮೇಲೆ ಮೌಲಾಸಾಬನಿಗೂ ಬಾಷಾಸಾಬರ ಬಗ್ಗೆ ಚಿಂತೆಯಾಯಿತು. ಇಷ್ಟು ದೊಡ್ಡವರು ಹೇಳುತ್ತಾರೆಂದರೆ ಏನೋ ಇರಬೇಕು. ಅವನು ಓಣಿಗೆಲ್ಲ ಸುದ್ದಿ ಮುಟ್ಟಿಸಿ ಬಾಷಾಸಾಬರ ಕಟ್ಟೆಗೆ ಹೋದ.

"ಬಾಷಾಭಾಯ್, ಮಲಕೊಳ್ರಿ."

"ಯಾಕ?"

"ಧಾರವಾಡದಿಂದ ಹೇಳ್ಯಾರ."

ಬಾಷಾಸಾಬರು ಮೊದಲು ನಕ್ಕರು. ಅಷ್ಟರಲ್ಲಿ ಮಂದಿ ಕೂಡಿತು. ಯಾರೋ ಅಸೂಟಿಯಲ್ಲಿದ್ದ ಅವರ ತಂಗಿ ಖತೀಜಾಬಿಗೂ ಫೋನು ಹಚ್ಚಿದ್ದರು. ಆಕೆ ಟೆಂಪೋ ಇಳಿದು ಓಣಿಯ ತುದಿಯಿಂದಲೇ ಅಳುತ್ತ ಬಂದಳು. "ಅಣ್ಣಾ, ಹತ್ತ ಬ್ಯಾನಿ ಬಂದಾವಂತ ನಿನಗ. ತಂಗೀಗೆ ಒಂದರ ಹೇಳಬಾರದೇನೋ." ಬಾಷಾಸಾಬರ ನಗು ಸಣ್ಣದಾಯಿತು. ಹತ್ತು ಎಂದರೆ ಒಂದಾದರೂ ಇದ್ದೀತು ಎನಿಸಿ ಹೊಟ್ಟೆ ಮುಟ್ಟಿ ನೋಡಿಕೊಂಡರು. ಅಂಬುಲೆನ್ಸು ಕೂಗುತ್ತ ಬಂದು ನಿಂತಾಗ, ಯಾರೂ ಹಿಡಿಯದೆಯೇ ಸ್ಟ್ರೆಚರಿನ ಮೇಲೆ ಹೋಗಿ ಮಲಗಿದರು. ಕೈಯಲ್ಲಿ ಅರ್ಧ ಮಿರ್ಚಿ ಹಾಗೇ ಇತ್ತು.

ಡಾಕ್ಟರ್ ಜಬೀನ ಇಳಿದು ಅವರ ಮುಖ ನೋಡಿದರು, ನಾಡಿ ಹಿಡಿದರು, ಕಾಗದ ನೋಡಿದರು, ಮತ್ತೆ ಮುಖ ನೋಡಿದರು. ತುಟಿಗೆ ಮಿರ್ಚಿಯ ಎಣ್ಣೆ ಹತ್ತಿತ್ತೇ ಹೊರತು ಬಾವು ಇರಲಿಲ್ಲ.

"ತುಟಿ ಯಾವಾಗ ಬಾತಿದ್ವು?"

"ನನ್ನ ತುಟಿ ಯಾಕ ಬಾಯ್ತಾವ ತಂಗಿ?"

"ಗುಳಿಗಿ ಎಷ್ಟ ತಿಂದ್ರಿ?"

ಬಾಷಾಸಾಬರು ಸುತ್ತಲಿನ ಮಂದಿಯನ್ನು ನೋಡಿದರು. ಮರ್ಯಾದೆ ಒಂದು ಕಡೆ, ಜೀವ ಒಂದು ಕಡೆ. ಕಣ್ಣು ಮುಚ್ಚಿಕೊಂಡು ಹೇಳಿದರು. "ಅಲ್ಲಾನ ಮ್ಯಾಲ ಆಣಿ, ಒಂದೂ ತಿಂದಿಲ್ಲ. ಎಲ್ಲಾ ಹಂಚೀನಿ."

ರೋಣಕ್ಕೆ ನಡೆದುಹೋಗುವ ಮಾತು ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

ಡಾಕ್ಟರು ಮೌಲಾಸಾಬನ ಕಡೆ ತಿರುಗಿದರು. "ಹಂಗಾದ್ರ ಈ ಹತ್ತು ತ್ರಾಸು ಯಾರವು?"

ಮೌಲಾಸಾಬ ಎದೆ ಉಬ್ಬಿಸಿ ಒಂದೊಂದಾಗಿ ತೋರಿಸಿಕೊಟ್ಟ. ತಲೆಸುತ್ತು ಗುಡ್ಡವ್ವನದು, ವಾಂತಿ ರಮಾಬಾಯಿಯದು, ಹಾಲು ಮೈಮುನಬಿಯದು. ಕೊನೆಯ ಮನೆಯ ಸೊಸೆ ಮುಂದೆ ಬಂದಳು. ಡಾಕ್ಟರು ಅವಳ ಕಣ್ಣು ನೋಡಿ, ಎರಡು ಮಾತು ಕೇಳಿ, "ಇದು ಗುಳಿಗೀದಲ್ಲ, ಸಿಹಿ ಹಂಚ್ರಿ," ಎಂದರು. ಅತ್ತೆ ಗುಳಿಗೆಯನ್ನು ಬಯ್ಯುವುದನ್ನು ಅಲ್ಲಿಗೇ ನಿಲ್ಲಿಸಿದಳು.

"ಏಳನೇದು ಯಾರದು?"

ಮೌಲಾಸಾಬ ಆ ಹೆಸರು ಕೇಳಿರಲೇ ಇಲ್ಲ. ನೆರೆದ ಹೆಂಗಸರ ತುಟಿಗಳನ್ನು ಒಂದು ತುದಿಯಿಂದ ನೋಡುತ್ತ ಬಂದ. ನೋಡುತ್ತ ನೋಡುತ್ತ ಒಂದು ವಿಚಿತ್ರ ಗಮನಕ್ಕೆ ಬಂತು. ಅವನು ಎಲ್ಲರನ್ನು ನೋಡುತ್ತಿದ್ದರೆ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು.

"ಯಕ್ಕಾ, ಹೇಳು. ಯಾರು?"

ಗುಡ್ಡವ್ವ ಆಣೆಯನ್ನು ನುಂಗಿಕೊಂಡಳು. "ಓಣಿಯೆಲ್ಲಾ ಕೇಳಕೋತ ಅಡ್ಡಾಡಿದಿ. ನಿನ್ನ ಮನ್ಯಾಗ ಒಂದ ಸಲ ಕೇಳಿದೇನೋ ತಮ್ಮಾ? ನಿನ್ನ ಮಾದರಿ ಮನೀ ಮಾನ ಹೋಗತೈತಿ ಅಂತ ಬಾಯಿ ಕಟಗೊಂಡ ಕುಂತಾಳ ಆಕಿ. ಗುಳಿಗೀ ಮ್ಯಾಲ ನನಗ ಗುಮಾನಿ, ಆಕಿ ಮಾತ್ರ ಬದನಿಕಾಯಿಂದ ಬಾತಾವ ಅಂತಾಳ. ಮುಂಜಾನಿ ಮೊಣಕಾಲು ಭಾಳ ನೋಯ್ತಾವ ಅನ್ನಾಕತ್ತಿದ್ಲು."

ಮೌಲಾಸಾಬ ಓಡಿದ. ಅವನ ಓಟವನ್ನು ಓಣಿ ಮೂವತ್ತೈದು ವರ್ಷಗಳಲ್ಲಿ ನೋಡಿರಲಿಲ್ಲ. ಡಾಕ್ಟರು ಚೀಲ ಹಿಡಿದು ಹಿಂದೆ ಓಡಿದರು.

ಖಾಜಾಬಿ ಹಿತ್ತಲಲ್ಲಿ ಅರ್ಧ ಹೊಲಿದ ಗಾದಿಗೆ ಒರಗಿ ಕುಳಿತಿದ್ದಳು. ದಬ್ಬಣ ಅರಳೆಯಲ್ಲಿ ಬಿದ್ದಿತ್ತು. ಸೆರಗು ಸರಿದಿತ್ತು, ಮುಖ ಗುರುತು ಸಿಗದಷ್ಟು ಬಾತಿತ್ತು. ಉಸಿರು ಎಳೆದಾಗ ಗಂಟಲಲ್ಲಿ ಸಿಳ್ಳೆ ಹಾಕಿದ ಸದ್ದು ಬರುತ್ತಿತ್ತು. ಪಕ್ಕದಲ್ಲಿ ಹಳದಿ ಗುಳಿಗೆಯ ಖಾಲಿ ಕಾಗದ. ಗಂಡನನ್ನು ಕಂಡ ಕೂಡಲೇ ಅವಳ ಕೈ ಸೆರಗು ಹುಡುಕಿತು. ಅವಳ ಅದಬು ಏನೆಂದು ಅವನಿಗೆ ಆಗ ತಿಳಿಯಿತು.

ಡಾಕ್ಟರು ಅಲ್ಲೇ ಕುಳಿತು ಸೂಜಿ ಮಾಡಿದರು. "ಅಂಬುಲೆನ್ಸ್ ಇಲ್ಲಿಗೇ ತರಸ್ರಿ, ಲಗೂ," ಎಂದರು. ಹೊರಗೆ ಬಾಷಾಸಾಬರನ್ನು ಸ್ಟ್ರೆಚರಿನಿಂದ ಎಬ್ಬಿಸಲು ಸ್ವಲ್ಪ ಕಷ್ಟವಾಯಿತು. ತಂಗಿ ಅತ್ತದ್ದು, ಮಂದಿ ನೆರೆದದ್ದು ಎಲ್ಲ ವ್ಯರ್ಥವಾಯಿತಲ್ಲ ಎಂದು ಅವರಿಗೆ ಬೇಸರ. ವಿಷಯ ತಿಳಿದದ್ದೇ ಮಿರ್ಚಿ ಬಿಸುಟು, ಸ್ಟ್ರೆಚರಿನ ಒಂದು ತುದಿಗೆ ತಾವೇ ಕೈ ಹಚ್ಚಿದರು.

ರೋಣದ ದವಾಖಾನೆಯಲ್ಲಿ ಖಾಜಾಬಿಯನ್ನು ಒಳಗೆ ಒಯ್ದರು. ಕಿಟಕಿಯಲ್ಲಿ ಕುಳಿತ ಗುಮಾಸ್ತ ಮೌಲಾಸಾಬನನ್ನು ಕರೆದ. "ಇವರದು ಹಳೇ ಚೀಟಿ ಐತೇನು?"

ಇರಲಿಲ್ಲ. ಮೌಲಾಸಾಬನ ಹೆಸರಿನಲ್ಲಿ ಚೀಟಿಗಳಿದ್ದವು, ಮಕ್ಕಳ ಹೆಸರಿನಲ್ಲಿದ್ದವು. ಖಾಜಾಬಿ ಆ ಮಕ್ಕಳನ್ನು ಹೆತ್ತದ್ದು ಮನೆಯಲ್ಲೇ, ತನಗೆ ಜ್ವರ ಬಂದರೆ ಕಷಾಯ, ನೋವು ಬಂದರೆ ಯಾರದೋ ಮನೆಯ ಗುಳಿಗೆ. ಮೂವತ್ತೈದು ವರ್ಷಗಳಲ್ಲಿ ಅವಳ ಹೆಸರಿನಲ್ಲಿ ಒಂದು ಚೀಟಿಯನ್ನೂ ಮಾಡಿಸಿರಲಿಲ್ಲ.

"ವಯಸ್ಸು?" ಎಂದ ಗುಮಾಸ್ತ.

ಊರಿನ ಹೊಟ್ಟೆಯ ಸಂಗತಿಯೆಲ್ಲ ಬಲ್ಲ ಔಷಧ ನಿಗಾ ಮಿತ್ರನಿಗೆ ಅದೂ ಗೊತ್ತಿರಲಿಲ್ಲ. ಬಿಲ್ಲೆ ಕೊರಳಲ್ಲೇ ಇತ್ತು. ಅದನ್ನು ತೆಗೆದು ಕಿಸೆಗೆ ಹಾಕಿಕೊಂಡು, "ನನಗಿಂತ ಸಣ್ಣಾಕಿ ಅಂತ ಬರಕೊಳ್ರಿ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಗುಮಾಸ್ತ ಐವತ್ತು ಎಂದು ಬರೆದು, ಇನ್ನೂರ ಹನ್ನೆರಡನೆಯ ನಂಬರಿನ ಚೀಟಿ ಕೊಟ್ಟ.

ಮೌಲಾಸಾಬ ಬೆಂಚಿನ ಮೇಲೆ ಕುಳಿತು ಮೊಬೈಲು ತೆಗೆದ. ಇನ್ನೂರ ಹನ್ನೆರಡು. ಏಳು. ಗುಣವಾಯಿತೇ ಎಂದು ಮೊಬೈಲು ಕೇಳಿತು. ಒಂದು ಒತ್ತಿದರೆ ಹೌದು, ಎರಡು ಒತ್ತಿದರೆ ಇನ್ನೂ ಇಲ್ಲ, ಮೂರು ಒತ್ತಿದರೆ ತೀರಿಕೊಂಡರು. ಅವನು ಹೆಬ್ಬೆರಳನ್ನು ಒಂದರ ಮೇಲೆ ಇಟ್ಟುಕೊಂಡು ಕುಳಿತೇ ಇದ್ದ. ಮೊಬೈಲಿನ ದೀಪ ಆರಿದಾಗಲೆಲ್ಲ ಮತ್ತೆ ಹಚ್ಚಿದ. ಮೂರು ತಾಸಿನ ಮೇಲೆ, ಹೊರಗೆ ಮಳೆ ಹಿಡಿದ ಹೊತ್ತಿಗೆ, ಒಳಗಿನಿಂದ ಕರೆದರು. ಮುಖದ ಬಾವು ಅರ್ಧ ಇಳಿದಿತ್ತು.

"ಆ ಗಾದಿ ಮಳೀಗೆ ಬಿಟ್ಟ ಬಂದೀರೇನು?" ಎಂದಳು ಖಾಜಾಬಿ, ಹಳೆಯ ದನಿಯಲ್ಲಿ. "ಅರಳಿ ತೊಯ್ದ್ರ ಮತ್ತ ನಾನ ಬಡಕೋಬೇಕು."

ಮೌಲಾಸಾಬ ಒಂದನ್ನು ಒತ್ತಿದ. ಬೈಗುಳ ಇಷ್ಟು ಹಿತವಾಗಿ ಕೇಳಿದ್ದು ಅವನಿಗೆ ಅದೇ ಮೊದಲು.

ನಲವತ್ತೇಳನೆಯ ಚೀಟಿಯ ಹತ್ತು ತ್ರಾಸುಗಳನ್ನು ಅಮರೇಶ ಎರಡು ದಿನ ಕುಳಿತು ಅಳಿಸಿದ. ಅಳಿಸುವ ಮುಂಚೆ ಬಾಷಾಸಾಬರಿಗೆ ಮುಟ್ಟು ನಿಂತದ್ದನ್ನು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದನಂತೆ. ಇನ್ನು ಮುಂದೆ ಗುಳಿಗೆ ಯಾರದು ಎಂದು ಕೇಳಬಾರದು, ತಿಂದವರು ಯಾರು ಎಂದು ಕೇಳಬೇಕು, ಅದೂ ಮೊದಲು ಸ್ವಂತ ಮನೆಯಲ್ಲಿ ಕೇಳಬೇಕು ಎಂದು ಡಾಕ್ಟರ್ ಜಬೀನ ಎಲ್ಲ ಮಿತ್ರರಿಗೂ ಹೇಳಿ ಕಳಿಸಿದರು.

ನಾಲ್ಕು ದಿನದ ಮೇಲೆ ಖಾಜಾಬಿ ಕಟ್ಟೆಯ ಮೇಲೆ ಕುಳಿತಿದ್ದಳು. ಮೊಣಕಾಲಿಗೆ ಬೇರೆ ಗುಳಿಗೆ ಕೊಟ್ಟಿದ್ದರು, ಬಿಳಿಯವು. ಗುಡ್ಡವ್ವ ಬಂದು ಪಕ್ಕದಲ್ಲಿ ಕುಳಿತು, ಮುಖ ನೋಡಿ, ಗಲ್ಲ ಮುಟ್ಟಿ ಸಮಾಧಾನಪಟ್ಟುಕೊಂಡಳು. ಆಮೇಲೆ ಕಣ್ಣು ಗುಳಿಗೆಯ ಲಕೋಟೆಯ ಕಡೆ ಹೋಯಿತು.

"ಇವು ಚಲೋ ಅದಾವೇನ?"

"ಭಾಳ ಚಲೋ ಅದಾವ."

"ಎರಡ ಕೊಡವಾ. ನನಗೂ ಸೊಂಟ ಹಿಡದೈತಿ."

ಒಳಗೆ ಅರಳೆ ಹಿಂಜುತ್ತಿದ್ದ ಮೌಲಾಸಾಬ ಬಿಲ್ಲು ನಿಲ್ಲಿಸಿ ಕಿವಿಗೊಟ್ಟ. ಖಾಜಾಬಿ ಲಕೋಟೆಯನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಅದರ ಮೇಲೆ ಏನು ಬರೆದಿದೆ ಎಂದು ಗಂಡನಿಂದ ಮೂರು ಸಲ ಓದಿಸಿಕೊಂಡಿದ್ದಳು.

"ಬ್ಯಾರೆ ಏನ ಬೇಕಾದ್ರೂ ಕೇಳ ಯಕ್ಕಾ, ಕೊಡ್ತೀನಿ," ಎಂದಳು. "ಇದರ ಮ್ಯಾಲ ನನ್ನ ಹೆಸರೈತಿ."